ತೆಗೆದುಹಾಕಿದ ಸದ್ದು

ನಾನು ನಿಂತಿದ್ದದ್ದು ಮಿಕ್ಸಿಂಗ್ ಮೇಜಿನ ಹಿಂದೆ, ಎಡಗಡೆಯ ಸ್ಪೀಕರಿನಿಂದ ಒಂದು ತೋಳಿನಷ್ಟು ದೂರದಲ್ಲಿ. ನನ್ನ ಬಲಗೈಯ ತೋರುಬೆರಳು ಕೀಬೋರ್ಡಿನ ಸ್ಪೇಸ್ ಬಾರಿನ ಮೇಲಿತ್ತು. ಅದನ್ನು ಒತ್ತಿದರೆ ಸದ್ದು ನಿಲ್ಲುತ್ತದೆ. ೧೯೯೮ರ ಒಂದು ಶನಿವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಜಾಗ ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಅಂಗಡಿ ಸಾಲಿನ ಮೊದಲ ಮಹಡಿಯಲ್ಲಿದ್ದ ನಮ್ಮ ಸ್ಟುಡಿಯೊ. ನನ್ನ ಮುಂದೆ, ನನಗೆ ಬೆನ್ನು ಮಾಡಿಕೊಂಡು, ಪ್ರೊಫೆಸರ್ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಅವರು ಕಣ್ಣು ಮುಚ್ಚಿದ್ದು ಕಿಟಕಿಯ ಗಾಜಿನಲ್ಲಿ ನನಗೆ ಕಾಣುತ್ತಿತ್ತು.

ನಾನು ಬೆರಳು ಒತ್ತಲಿಲ್ಲ. ಅಲ್ಲಿಯವರೆಗೆ ನಡೆದದ್ದನ್ನು, ನಾನು ಕಂಡು ಕೇಳಿದಷ್ಟನ್ನು, ಕ್ರಮವಾಗಿ ಬರೆಯುತ್ತೇನೆ.

ಕೆಲಸ ಬಂದದ್ದು ಮೆಲಾಕಾದ ಒಂದು ವೈದ್ಯಕೀಯ ಕಾಲೇಜಿನಿಂದ. ವಿದ್ಯಾರ್ಥಿಗಳು ಹೃದಯದ ಸದ್ದುಗಳನ್ನು ಕಂಪ್ಯೂಟರಿನಲ್ಲಿ ಕೇಳಿ ಕಲಿಯುವಂಥ ಒಂದು ಸಿ.ಡಿ. ಮಾಡಬೇಕಿತ್ತು. ಆ ವರ್ಷ ಎಲ್ಲರೂ ಸಿ.ಡಿ. ಮಾಡಿಸುತ್ತಿದ್ದರು. ಸರ್ಕಾರ ಕಟ್ಟಿಸುತ್ತಿದ್ದ ಹೊಸ ಐ.ಟಿ. ನಗರ ಸೈಬರ್‌ಜಯಾದಲ್ಲಿ ಇನ್ನೂ ಕಟ್ಟಡಗಳಿಗಿಂತ ಕ್ರೇನುಗಳೇ ಹೆಚ್ಚಿದ್ದವು, ಆದರೆ ಎಲ್ಲರ ಬಾಯಲ್ಲೂ ಮಲ್ಟಿಮೀಡಿಯಾದ ಮಾತು. ಆರ್ಥಿಕ ಕುಸಿತದಿಂದ ಜಾಹೀರಾತುಗಳ ಕೆಲಸ ನಿಂತುಹೋಗಿದ್ದ ನಮ್ಮ ಸ್ಟುಡಿಯೊಗೆ ಅಂಥ ಕೆಲಸ ಬೇಕೇ ಇತ್ತು.

ಸಿ.ಡಿ.ಯ ಹೊಣೆ ಹೊತ್ತವರು ಕಾಲೇಜಿನ ಮೆಡಿಸಿನ್ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್. ಉಡುಪಿಯ ಕಡೆಯವರು; ಐವತ್ತು ದಾಟಿದವರು; ಎತ್ತರದ ಆಳು. ನಾನು ಮೈಸೂರಿನವನು ಎಂದು ತಿಳಿದ ದಿನದಿಂದ ನನ್ನೊಡನೆ ಇಂಗ್ಲಿಷ್ ಬಿಟ್ಟರು. ಅವರ ಜೊತೆ ಬರುತ್ತಿದ್ದವರು ಅದೇ ವಿಭಾಗದ ಲೆಕ್ಚರರ್, ಹುಬ್ಬಳ್ಳಿಯ ಲೇಡಿ ಡಾಕ್ಟರ್. ಸಿ.ಡಿ.ಯ ಇಂಗ್ಲಿಷ್ ವಿವರಣೆಯನ್ನು ಓದುವುದು ಅವರ ಕೆಲಸ. ಸ್ಟುಡಿಯೊದ ಮಾಲೀಕರು ಅಲ್ಲೇ ಹುಟ್ಟಿ ಬೆಳೆದ ತಮಿಳರು. ಅವರು ನನ್ನೊಡನೆ ಆಡುತ್ತಿದ್ದದ್ದು ತಮಿಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತಿನ ಕೊನೆಗೆ ಅವರು ಸೇರಿಸುತ್ತಿದ್ದ ‘ಲಾ’ವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ರೋಗಿಗಳ ಹೃದಯದ ಸದ್ದುಗಳನ್ನು ಪ್ರೊಫೆಸರ್ ಆಸ್ಪತ್ರೆಯಲ್ಲೇ ರೆಕಾರ್ಡ್ ಮಾಡಿ ತಂದಿದ್ದರು. ಸ್ಟೆತಾಸ್ಕೋಪಿನ ನಳಿಗೆ ತುಂಡರಿಸಿ, ಅದರ ಬಾಯಿಗೆ ಕಡಲೆಕಾಳಿನಷ್ಟು ಚಿಕ್ಕ ಮೈಕನ್ನು ತುರುಕಿ ಅವರೇ ಮಾಡಿಕೊಂಡ ಸಾಧನ. ರೋಗದ ಸದ್ದುಗಳು ಜೋರಾಗಿದ್ದವು, ಹೇಗೋ ನಡೆಯುತ್ತಿತ್ತು. ಆದರೆ ಎಲ್ಲಕ್ಕಿಂತ ಮೊದಲು ಬರಬೇಕಾದ ‘ನಾರ್ಮಲ್’ ಹೃದಯದ ರೆಕಾರ್ಡಿಂಗಿನಲ್ಲಿ ಏರ್ ಕಂಡೀಶನರ್ ಗುಂಯ್‌ಗುಡುತ್ತಿತ್ತು, ಟ್ರಾಲಿಯ ಚಕ್ರ ಕಿರುಗುಡುತ್ತಿತ್ತು, ಯಾರೋ ಕೆಮ್ಮುತ್ತಿದ್ದರು.

“ಇದು ಆಗೋದಿಲ್ಲ ಸರ್” ಎಂದೆ.

“ಆಗದಿದ್ರೆ ಬಿಡು ಮಾರಾಯ, ಇಲ್ಲೇ ಮಾಡುವ. ನಾರ್ಮಲ್ ಹಾರ್ಟಿಗೆ ಎಲ್ಲಿಗೆ ಹೋಗ್ಬೇಕು? ನನ್ನದೇ ಉಂಟಲ್ಲ!” ಎಂದು ಅಂಗಿಯ ಗುಂಡಿ ಬಿಚ್ಚುತ್ತಲೇ ಗಾಜಿನ ಕೋಣೆಯೊಳಗೆ ಹೋದರು.

ಒಳಗೆ ಹೇಗೆ ಕೂತರು ಎನ್ನುವುದು ಮುಖ್ಯ. ಮೈಕಿನ ವೈರು ಗಿಡ್ಡ. ಅದು ಮೇಜಿನ ಮೇಲಿದ್ದ ಪೆಟ್ಟಿಗೆಗೆ ಮುಟ್ಟಬೇಕಾದರೆ ಅವರು ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿಯೇ ಕೂರಬೇಕಿತ್ತು. ಉಸಿರಿನ ಸದ್ದು ಬೇಡವೆಂದು, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ತಡೆದುಕೊಳ್ಳಿ ಎಂದು ಹೇಳಿದವನು ನಾನು. ಎದೆಯ ನಡುಮೂಳೆಯ ಎಡಕ್ಕೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಒತ್ತಿ ಹಿಡಿದವರು ಲೆಕ್ಚರರ್. ಹೆಡ್‌ಫೋನ್ ಇದ್ದದ್ದು ನನ್ನ ಕಿವಿಯಲ್ಲಿ ಮಾತ್ರ. ಲಬ್-ಡಬ್, ಲಬ್-ಡಬ್. ಹಿಂದೆ ಒಂದಿಷ್ಟು ಹಿಸ್ಸೆನ್ನುವ ಸದ್ದು. ಅಷ್ಟು ಚಿಕ್ಕ ಮೈಕಿಗೆ ಅಷ್ಟು ಗೇನ್ ಕೊಟ್ಟು ಸದ್ದು ಹಿಗ್ಗಿಸಿದರೆ ಹಿಸ್ ಬಂದೇ ಬರುತ್ತದೆ ಎಂದುಕೊಂಡೆ. ಕೆಲಸ ಮುಗಿಸಿ ಹೊರಗೆ ಬಂದವರೇ ಪ್ರೊಫೆಸರ್ ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಕ್ಷಣ ನಿಂತರು.

“ಉಸಿರು ಹಿಡಿದು ಸಾಕಾಯ್ತು. ಹೋದ ವರ್ಷದ ಆ ಸುಮಾತ್ರದ ಕಾಡ್ಗಿಚ್ಚಿನ ಹೊಗೆ ಇದೆಯಲ್ಲ, ನನ್ನ ಶ್ವಾಸಕೋಶವನ್ನೇ ತಿಂದುಹಾಕಿದೆ. ಈಗ ನಿಮ್ಮ ಈ ಮೆಟ್ಟಿಲು ಹತ್ತುವಾಗಲೂ ಏದುಸಿರು.”

“ಹೊಗಿ ಅಲ್ರಿ ಸರ್, ಕೆಳಗ ಮಾಮಾಕ್ ಅಂಗಡ್ಯಾಗ ತಿಂದ್ರಲ್ಲಾ, ಆ ನಾಕು ರೊಟ್ಟಿ ಚನಾಯ್” ಎಂದರು ಲೆಕ್ಚರರ್. ಮಾಮಾಕ್ ಎಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲು; ರೊಟ್ಟಿ ಚನಾಯ್ ನಮ್ಮ ಪರೋಟದಂಥದ್ದು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಹೋಗುವಾಗ ಪ್ರೊಫೆಸರ್ ನನಗೆ ಹೇಳಿದ್ದು ಇಷ್ಟು: “ಲಬ್ ಮತ್ತು ಡಬ್ ಎದ್ದು ಕೇಳ್ಬೇಕು. ನಡುವೆ ಪೂರ್ತಿ ಸೈಲೆನ್ಸ್. ಕಪ್ಪು ಹಲಗೆಯ ಮೇಲೆ ಸುಣ್ಣದ ಚುಕ್ಕಿ ಇಟ್ಟ ಹಾಗೆ. ಆಯ್ತಾ?”

ಮರುದಿನ ಬೆಳಿಗ್ಗೆ ಕೂತೆ. ಹೃದಯದ ಸದ್ದು ತುಂಬ ಕೆಳಸ್ತರದ್ದು. ಕಾಲೇಜಿನ ಕಂಪ್ಯೂಟರಿನ ಪಕ್ಕ ಇಡುವ ಅಂಗೈ ಅಗಲದ ಸ್ಪೀಕರುಗಳಲ್ಲಿ ಅದು ಹೊರಗೇ ಬರುವುದಿಲ್ಲ. ಇಂಥದ್ದಕ್ಕೆಲ್ಲ ನಾವು ಪ್ಲಗ್-ಇನ್ ಬಳಸುತ್ತೇವೆ. ರೆಕಾರ್ಡಿಂಗ್ ಮಾಡುವ ತಂತ್ರಾಂಶಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳು ಅವು. ಹಿಂದೆ ಕಬ್ಬಿಣದ ಪೆಟ್ಟಿಗೆಗಳು ಮಾಡುತ್ತಿದ್ದ ಕೆಲಸವನ್ನು ಪರದೆಯ ಮೇಲೆ ಮಾಡುತ್ತವೆ. ಮೊದಲು ಒಂದು ಈಕ್ವಲೈಸರ್ ಹಾಕಿ ನೆಲದ ಗುಡುಗುಡು ಕತ್ತರಿಸಿದೆ. ಆಮೇಲೆ ಎನ್‌ಹ್ಯಾನ್ಸರ್; ಅದು ಕೆಳಸ್ತರದ ಸದ್ದಿನಿಂದಲೇ ಮೇಲಿನ ಸ್ವರಗಳನ್ನು ಹುಟ್ಟಿಸಿ ಸೇರಿಸುತ್ತದೆ. ಚಿಕ್ಕ ಸ್ಪೀಕರಿನಲ್ಲೂ ಕಿವಿಗೆ ಲಬ್ ಕೇಳಿದಂತಾಗುತ್ತದೆ. ಆಮೇಲೆ ಕಂಪ್ರೆಸರ್. ಅದು ಜೋರಾದದ್ದನ್ನು ತಗ್ಗಿಸಿ, ಮೆಲ್ಲಗಿದ್ದದ್ದನ್ನು ಮೇಲೆತ್ತುತ್ತದೆ.

ಕಂಪ್ರೆಸರ್ ಹಾಕಿದ ಕೂಡಲೇ ಹಿಸ್ ಎದ್ದು ಬಂತು. ಬರುವುದು ಸಹಜ. ಅದಕ್ಕೆ ನಾಯ್ಸ್ ರಿಡಕ್ಷನ್ ಎನ್ನುವ ಇನ್ನೊಂದು ಪ್ಲಗ್-ಇನ್ ಉಂಟು. ಸದ್ದು ಇರದ ಒಂದು ಜಾಗವನ್ನು ಅದಕ್ಕೆ ತೋರಿಸಬೇಕು. ‘ಇದು ಗಲೀಜು, ಕಲಿತುಕೋ’ ಎಂದು ಹೇಳಿದ ಹಾಗೆ. ಅದು ಆ ಗಲೀಜಿನ ಅಚ್ಚು ತೆಗೆದುಕೊಂಡು, ಇಡೀ ರೆಕಾರ್ಡಿಂಗಿನಿಂದ ಅಷ್ಟನ್ನೂ ಕಳೆಯುತ್ತದೆ. ಹಾಡಿನಲ್ಲಾದರೆ ಗಾಯಕ ಬಾಯಿ ತೆರೆಯುವ ಮುಂಚಿನ ತುಣುಕನ್ನು ತೋರಿಸುತ್ತೇವೆ. ಇಲ್ಲಿ ಕಣ್ಣಿಗೆ ಬಿದ್ದದ್ದು ಒಂದು ಡಬ್ ಮತ್ತು ಮುಂದಿನ ಲಬ್ ನಡುವಿನ ಬಿಡುವು. ಮೈಕು ಎದೆಯ ಮೇಲೇ ಇದೆ, ಬಡಿತ ಇಲ್ಲ. ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಅದನ್ನೇ ಗುರುತು ಮಾಡಿ ಕಲಿಸಿದೆ. ನಮ್ಮ ಕಂಪ್ಯೂಟರ್ ನಿಧಾನ. ಅದು ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಮಾಲೀಕರು ಕೆಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತೆ ತಾರಿಕ್ ತಪಾವ್ ಮಾಡಿಸಿಕೊಂಡು ಬಂದರು. ಅಲ್ಲಿ ಚಹಾವನ್ನೂ ಹಾಗೆ ಕಟ್ಟಿಸಿ ತರುತ್ತಾರೆ.

ಫಲಿತಾಂಶ ಪ್ರೊಫೆಸರ್ ಕೇಳಿದ ಹಾಗೆಯೇ ಇತ್ತು. ಲಬ್, ಡಬ್. ನಡುವೆ ಏನೂ ಇಲ್ಲ.

“ಬ್ಯೂಟಿಫುಲ್ ಲಾ ತಂಬಿ! ಮುಗೀತಲ್ಲ? ಸೋಮವಾರ ಸಿ.ಡಿ. ಒತ್ತುವ ಪ್ಲ್ಯಾಂಟಿಗೆ ಕಳಿಸಬೇಕು. ಮಂತ್ರಿ ಬರ್ತಾರಂತೆ ಬಿಡುಗಡೆಗೆ” ಎಂದರು ಮಾಲೀಕರು.

ನನಗೊಂದು ಅಭ್ಯಾಸ ಇದೆ. ಕೆಲಸ ಕಲಿಸಿದವರು ಹಾಕಿದ್ದು. ಯಾವ ಪ್ಲಗ್-ಇನ್ ಹಾಕಿದರೂ ಅದು ಕೊಟ್ಟದ್ದನ್ನು ಕೇಳುವುದರ ಜೊತೆಗೆ ಅದು ಕಿತ್ತುಕೊಂಡದ್ದನ್ನೂ ಕೇಳಬೇಕು. ಆ ಪ್ಲಗ್-ಇನ್ ಹಾಕುವ ಮುಂಚಿನ ಸದ್ದನ್ನು ಒಂದು ಟ್ರ್ಯಾಕಿನಲ್ಲಿ ಇಟ್ಟು, ಶುದ್ಧ ಮಾಡಿದ್ದನ್ನು ಇನ್ನೊಂದರಲ್ಲಿ ಇಟ್ಟು, ಎರಡನೆಯದರ ಅಲೆಯನ್ನು ತಲೆಕೆಳಗು ಮಾಡಿ ಒಟ್ಟಿಗೆ ನುಡಿಸಿದರೆ, ಎರಡರಲ್ಲೂ ಇರುವುದು ಪರಸ್ಪರ ಅಳಿಸಿಹೋಗುತ್ತದೆ. ಉಳಿಯುವುದು ತೆಗೆದುಹಾಕಿದ ಸದ್ದು ಮಾತ್ರ. ಹಾಡಿನಲ್ಲಿ ಎಷ್ಟೋ ಸಲ ಆ ಕಸದಲ್ಲಿ ತಂಬೂರಿಯ ಎಳೆ ಸಿಕ್ಕಿಬಿಡುತ್ತದೆ. ಅಂದೂ ಅಭ್ಯಾಸಬಲದಿಂದ ಹಾಗೇ ಮಾಡಿದೆ. ಎಳೆದ ಗೆರೆಯಂತೆ ಒಂದೇ ಸಮನೆ ಹಿಸ್ ಬರಬೇಕಿತ್ತು.

ಬಂದದ್ದು ಹಾಗಲ್ಲ. ಹಾಽಽಽ. ಹಾಽಽಽ. ಹಾಽಽಽ. ಕತ್ತಲೆಯಲ್ಲಿ ಯಾರೋ ಬಾಯಿ ತೆರೆದು ಮೆಲ್ಲಗೆ ಉಸಿರು ಬಿಟ್ಟ ಹಾಗೆ. ಪ್ರತಿಸಲವೂ ಥಟ್ಟನೆ ಶುರುವಾಗಿ, ಇಳಿಯುತ್ತ ಇಳಿಯುತ್ತ ಮಾಯವಾಗಿ, ಮತ್ತೆ ಶುರುವಾಗುತ್ತಿತ್ತು. ಪ್ರೊಫೆಸರ್ ಆ ಹೊತ್ತಿನಲ್ಲಿ ಉಸಿರು ತಡೆದು ಕೂತಿದ್ದರು. ಹಾಗಾಗಿ ಅದು ಉಸಿರಲ್ಲ.

ಹಿಸ್ಸಿಗೆ ತಾಳ ಇರುವುದಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ.

ಮೊದಲು ನನ್ನ ಸಾಮಾನುಗಳ ಮೇಲೇ ಸಂಶಯಪಟ್ಟೆ. ವೈರು ಬದಲಾಯಿಸಿದೆ. ಕಂಪ್ಯೂಟರಿನ ಫ್ಯಾನಿಗೆ ಕಂಬಳಿ ಮುಚ್ಚಿದೆ. ರೆಕಾರ್ಡಿಂಗಿನ ಮೊದಲ ತುಣುಕಿಗೆ ಹೋದೆ. ಅಲ್ಲಿ ಮೈಕು ಇನ್ನೂ ಎದೆಗೆ ಮುಟ್ಟದೆ ಮೇಜಿನ ಮೇಲಿದೆ, ಗೇನ್ ಅಷ್ಟೇ ಇದೆ. ಹಿಸ್ ಇತ್ತು, ಆದರೆ ತೀರ ಸಣ್ಣದು, ಸಮನಾದದ್ದು. ನಿಜವಾದ ಗಲೀಜು ಅಷ್ಟೇ. ಉಳಿದದ್ದು ಎದೆಗೆ ಮುಟ್ಟಿದ ಮೇಲೆ ಬಂದದ್ದು.

ನನ್ನ ಎದೆಗೇ ಬಿಲ್ಲೆ ಒತ್ತಿಕೊಂಡು, ಅದೇ ಸ್ಟೂಲಿನ ಮೇಲೆ ಹಾಗೇ ಬಾಗಿ ಕೂತು ರೆಕಾರ್ಡ್ ಮಾಡಿದೆ. ಬಿಡುವಿನಲ್ಲಿ ಏನೂ ಇರಲಿಲ್ಲ. ಮಾಲೀಕರನ್ನು ಕರೆದೆ.

“ನನ್ನದಾ? ಈಗ ತಾನೇ ಮಕಾನ್ ಆಯ್ತು ಲಾ. ಹೊಟ್ಟೆ ಸದ್ದೇ ಬರೋದು” ಎನ್ನುತ್ತ ಬನಿಯನ್ ಎತ್ತಿದರು. ಅವರ ಊಟ ಮುಗಿದಿದ್ದದ್ದು ನಿಜವೇ ಆದರೂ ಎದೆ ಮಾತ್ರ ಚೊಕ್ಕಟ. ಲಬ್, ಡಬ್, ನಡುವೆ ಬರಿದು. ನನ್ನ ಮುಖ ನೋಡಿ ಅವರು ನಗು ನಿಲ್ಲಿಸಿದರು. “ಏನು ತಂಬಿ? ನನಗೇನಾದರೂ ಇದೆಯಾ?”

“ನಿಮಗಿಲ್ಲ” ಎಂದೆ. ಯಾರಿಗೆ ಎಂದು ಅವರು ಕೇಳಲಿಲ್ಲ. ಗಾಜಿನ ಕೋಣೆಯ ಆ ಸ್ಟೂಲನ್ನು ನೋಡಿದರು.

ಲೆಕ್ಚರರಿಗೆ ಫೋನ್ ಮಾಡಿದೆ. ಫೋನಿನಲ್ಲಿ ಕೇಳಿಸುವ ಸದ್ದಲ್ಲ ಇದು, ಎದುರಿಗೇ ಕೇಳಬೇಕು ಎಂದೆ. ಅವರು ಮೆಲಾಕಾದಿಂದ, ನಾನು ಇಲ್ಲಿಂದ ಹೊರಟು ನಡುದಾರಿಯ ನಿಲಾಯ್‌ನಲ್ಲಿ ಒಂದು ಮಾಮಾಕ್ ಅಂಗಡಿಯ ಮುಂದೆ ಸೇರುವುದೆಂದಾಯಿತು. ಹೊಸ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆಯ ಮೇಲೇ ಹೋಗುತ್ತಿದ್ದವು. ಆದ್ದರಿಂದ ನನ್ನ ಕಾರಿನ ಗಾಜೆಲ್ಲ ಏರಿಸಿ, ಎಂಜಿನ್ ಆರಿಸಿ, ಆ ಸೆಕೆಯಲ್ಲೇ ಅವರಿಗೆ ಚಿಕ್ಕ ಸಿ.ಡಿ. ಪ್ಲೇಯರಿನ ಹೆಡ್‌ಫೋನ್ ಕೊಟ್ಟೆ. ಮೂಲ ರೆಕಾರ್ಡಿಂಗ್, ಪ್ಲಗ್-ಇನ್ ಯಾವುದೂ ಇಲ್ಲ.

ಅವರು ಕೇಳಿದರು. ತಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಾಡಿಗೆ ತಾಳ ಹಾಕುವವರ ಹಾಗೆ ಮತ್ತೊಮ್ಮೆ ಕೇಳಿದರು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಇದು ಸರ್‌ದ ಏನ್ರಿ? ಖರೇನ?”

“ಹೌದು ಮೇಡಂ. ಬಿಲ್ಲೆ ಹಿಡಿದಿದ್ದು ನೀವೇ.”

“ಹಿಡ್ದಿದ್ದೆ. ಕೇಳಿರ್ಲಿಲ್ಲಲ್ರಿ.” ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. “ವಿಭಾಗದ ಮುಖ್ಯಸ್ಥರ ಎದಿಗೆ ಯಾರ್ರೀ ಸ್ಟೆತ್ ಹಚ್ತಾರ? ಎಲ್ಲಾರೂ ಅವ್ರ ಕಡೆ ತೋರಿಸ್ಕೊಳ್ಳೋದ. ಅವ್ರಿಗೆ ಯಾರು ನೋಡೋದು?”

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಬಾಯಲ್ಲಿ ಒಂದು ಕವಾಟ ಇದೆ. ಡಬ್ ಎನ್ನುವುದು ಅದು ಮುಚ್ಚಿಕೊಂಡ ಸದ್ದು. ಸರಿಯಾಗಿ ಮುಚ್ಚದಿದ್ದರೆ ಹೊರಗೆ ಹೋದ ರಕ್ತ ಸಂದಿಯಿಂದ ಹಿಂದಕ್ಕೆ ಸೋರುತ್ತದೆ. ಆ ಸೋರಿಕೆಯ ಸದ್ದೇ ಅದು. ಹೃದಯದ ಸದ್ದುಗಳಲ್ಲಿ ಅತಿ ಸುಲಭವಾಗಿ ಕೈತಪ್ಪುವಂಥದ್ದು. ರೋಗಿಯನ್ನು ಮುಂದಕ್ಕೆ ಬಾಗಿಸಿ, ಉಸಿರು ಪೂರ್ತಿ ಬಿಡಿಸಿ, ತಡೆಸಿ, ಎದೆಮೂಳೆಯ ಎಡಕ್ಕೆ ಒತ್ತಿ ಕೇಳಿದರೆ ಮಾತ್ರ ಸಿಗುತ್ತದೆ. ಅಂದರೆ ಗಿಡ್ಡ ವೈರಿನ ದೆಸೆಯಿಂದ ನಾನು ಅವರನ್ನು ಕೂರಿಸಿದ್ದ ಹಾಗೆಯೇ.

“ಬರೇ ಸೋರಿಕಿ ಇದ್ರ ಟೈಮ್ ಐತಿ. ಆದ್ರ ಆ ನಾಳದ ಬುಡಾನ ಹಿಗ್ಗಿ ಸೋರಾಕತ್ತಿದ್ರ… ಎತ್ತರದ ಮನುಷ್ಯಾ, ಏದುಸಿರು ಬೇರೆ. ಒಂದ್ ಜೋರ್ ಸ್ಮ್ಯಾಶ್ ಹೊಡದ್ರ ಹರಿದು ಹೋಗಬಹುದು.”

“ಸ್ಮ್ಯಾಶಾ?”

“ಈ ಐತ್ವಾರ ಸ್ಟಾಫ್ ಬ್ಯಾಡ್ಮಿಂಟನ್ ಫೈನಲ್ ಐತ್ರಿ. ಸರ್ ಸಿಂಗಲ್ಸ್ ಆಡ್ತಾರ.”

ಹಾಗಿದ್ದರೆ ಇಂದೇ ಹೇಳಿಬಿಡಿ ಎಂದೆ. ಅವರು ತಲೆ ಅಲ್ಲಾಡಿಸಿದರು. ಕಳೆದ ತಿಂಗಳಷ್ಟೇ, ಸರ್ ಒಂದು ಎಕ್ಸ್-ರೇ ತೆಗೆಸಿಕೊಳ್ಳಿ ಎಂದದ್ದಕ್ಕೆ, ‘ನನ್ನ ಪಾಠ ನನಗೇ ಹೇಳ್ತೀಯಾ’ ಎಂದು ನಗಿಸಿ ಕಳಿಸಿದ್ದರಂತೆ. “ನಾ ಹೇಳಿದ್ರ ನಿಮ್ ಮಷೀನ್ ತಪ್ಪು ಅಂತಾರ. ನೀವ್ ಹೇಳಿದ್ರ ಅದೂ ಹೇಳಂಗಿಲ್ಲ, ಬರೇ ನಗ್ತಾರ. ಹಠಕ್ಕ ಬಿದ್ದು ಎರಡ್ ಗೇಮ್ ಜಾಸ್ತಿ ಆಡ್ತಾರ. ಅವ್ರಿಗೆ ನಂಬಿಕಿ ಇರೋದು ಒಂದರ ಮ್ಯಾಲೆ, ಅವ್ರ ಕಿವಿ ಮ್ಯಾಲೆ.”

ಅವರ ಕಿವಿ ಎಂಬ ಮಾತು ನನ್ನಲ್ಲಿ ಉಳಿಯಿತು. ಸಿ.ಡಿ.ಯ ಕೊನೆಯಲ್ಲಿ ಒಂದು ಕ್ವಿಜ್ ಇತ್ತು. ಪ್ರೊಫೆಸರ್ ತಮ್ಮ ತರಗತಿಯಲ್ಲಿ ಹಾಕಿಕೊಂಡಿದ್ದ ಪದ್ಧತಿ. ಹೆಸರಿಲ್ಲ, ವಯಸ್ಸಿಲ್ಲ, ಕಾಯಿಲೆ ಹೇಳುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತಾರೆ. ವಿದ್ಯಾರ್ಥಿ ಕಣ್ಣು ಮುಚ್ಚಿ ಕೇಳಿ ರೋಗ ಹೇಳಬೇಕು. ರೋಗಿಯ ಮುಖ ನೋಡಿದರೆ ಕಿವಿ ಕೆಡುತ್ತದೆ ಎನ್ನುವುದು ಅವರ ಮಾತು. ಶನಿವಾರ ಅವರು ಕೊನೆಯ ಒಪ್ಪಿಗೆಗೆ ಬರುವವರಿದ್ದರು. ಇಡೀ ಸಿ.ಡಿ. ಕೇಳುತ್ತಾರೆ, ಕ್ವಿಜ್ ಕೂಡ.

“ಮೇಡಂ, ಇದನ್ನ ಕ್ವಿಜ್ಜಿನ ಕೊನೆಗೆ ಹಾಕ್ತೀನಿ” ಎಂದೆ.

“ಮೋಸ ಆಗ್ತೈತಲ್ರಿ” ಎಂದರು. ಆಮೇಲೆ, “ಹಾಕ್ರಿ. ಒಂದೂ ಪ್ಲಗ್-ಇನ್ ಹಚ್ಚಬ್ಯಾಡ್ರಿ. ನಾಳಿ ಅವ್ರು ತಪ್ಪು ಅದರ ಮ್ಯಾಲೆ ಹಾಕಬಾರ್ದು” ಎಂದರು.

ವಾಪಸ್ ಬಂದು ಆ ಟ್ರ್ಯಾಕಿನಿಂದ ಎಲ್ಲವನ್ನೂ ಕಳಚಿದೆ. ಇಲ್ಲಿ ಒಂದು ಕಷ್ಟ ಎದುರಾಯಿತು. ಕಂಪ್ರೆಸರ್ ತೆಗೆದರೆ ಆ ಸದ್ದು ಮತ್ತೆ ತಳಕ್ಕೆ ಹೋಗುತ್ತದೆ. ನಿಲಾಯ್‌ನಲ್ಲಿ ಕೇಳಿದ್ದು ಕಿವಿಗೆ ಒತ್ತಿದ ಹೆಡ್‌ಫೋನಿನಲ್ಲಿ. ಸ್ಪೀಕರಿನಲ್ಲಿ ಅವರಿಗೆ ಕೇಳದೇ ಹೋದರೆ? ಆ ಒಂದು ಜಾಗದಲ್ಲಿ ಸ್ವಲ್ಪ ಈಕ್ವಲೈಸರ್ ಏರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಏರಿಸಿದೆ ಕೂಡ. ಎದ್ದು ಕೇಳಿತು. ಆದರೆ ಅವರು ‘ಇದಕ್ಕೆ ಏನು ಹಾಕಿದ್ದೀಯ’ ಎಂದು ಕೇಳಿದರೆ ನಾನು ಇಲ್ಲ ಎನ್ನಲಾರೆ. ಹೌದು ಎಂದರೆ ಅಲ್ಲಿಗೆ ಮುಗಿಯಿತು. ಇಳಿಸಿದೆ. ಬದಲಿಗೆ ಕೋಣೆಯನ್ನು ಶಾಂತ ಮಾಡಿದೆ. ಕಂಪ್ಯೂಟರನ್ನು ಉದ್ದ ವೈರು ಕೊಟ್ಟು ಹೊರಗಿನ ಪಡಸಾಲೆಗೆ ಸಾಗಿಸಿದೆ. ಏರ್ ಕಂಡೀಶನರನ್ನು ಅವರು ಬರುವ ತನಕ ಓಡಿಸಿ, ಆಮೇಲೆ ಆರಿಸುವುದೆಂದು ಮಾಲೀಕರ ಜೊತೆ ಮಾತಾಯಿತು. ಆ ಟ್ರ್ಯಾಕಿನ ಕೊನೆಯಲ್ಲಿ, ಬಡಿತಗಳು ಮುಗಿದ ಮೇಲೆ, ಪ್ರೊಫೆಸರ್ ಆಡಿದ ಒಂದು ಮಾತು ಇತ್ತು. ಅದು ಬರುವ ಮುಂಚೆ ನಿಲ್ಲಿಸಿ, ಅವರನ್ನು ಪಕ್ಕಕ್ಕೆ ಕರೆದು ಲೆಕ್ಚರರ್ ಹೇಳುವುದು ಎಂದು ಯೋಚಿಸಿದ್ದೆವು. ಕತ್ತರಿಸುವ ಬದಲು ಕೈಯಿಂದಲೇ ನಿಲ್ಲಿಸುತ್ತೇನೆ ಎಂದುಕೊಂಡೆ.

ಶನಿವಾರ ಬಂದರು. ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಕೈಯಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಚೀಲ. ಹೊಸ ತಂತಿ ಹಾಕಿಸಿಕೊಂಡು ನೇರ ಇಲ್ಲಿಗೇ ಬಂದಿದ್ದರು.

“ಎಂತ ಸೆಕೆ ಮಾರಾಯ ನಿಮ್ಮ ಸ್ಟುಡಿಯೊದಲ್ಲಿ! ಎ.ಸಿ. ಹಾಕ್ಲಿಕ್ಕೆ ಬರಗಾಲವಾ?”

“ಕೆಟ್ಟಿದೆ ಲಾ ಪ್ರೊಫೆಸರ್” ಎಂದು ಮಾಲೀಕರು ಇಂಗ್ಲಿಷಿನಲ್ಲಿ ಸುಳ್ಳು ಹೇಳಿದರು.

ಕ್ವಿಜ್ಜಿನ ಭಾಗ ಬಂದಾಗ ಪ್ರೊಫೆಸರ್ ಖುಷಿಯಾದರು. ಕಣ್ಣು ಮುಚ್ಚಿ ಕೂತು, ಒಂದೊಂದಕ್ಕೂ ವಿದ್ಯಾರ್ಥಿಯ ಹಾಗೆ ಕೈ ಎತ್ತಿ ಉತ್ತರ ಹೇಳುತ್ತಿದ್ದರು. ಲೆಕ್ಚರರ್ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದರು. ಕೊನೆಯದು ಶುರುವಾಯಿತು.

ಲಬ್, ಡಬ್. ಪ್ರೊಫೆಸರ್ ಕೈ ಎತ್ತಲಿಲ್ಲ. ಕೇಳಲಿಲ್ಲವೇನೋ ಎಂದುಕೊಂಡೆ. ಆಮೇಲೆ ಅವರ ತಲೆ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು.

“ಓಹೋ” ಎಂದರು. ಧ್ವನಿ ತರಗತಿಯದು. “ಕೇಳಿ, ಕೇಳಿ. ಎಸ್ ಟೂ, ಅಂದ್ರೆ ಡಬ್, ಆದ ಕೂಡ್ಲೇ ಶುರು. ಮೆತ್ತಗೆ, ಮೇಲುಸ್ತರ, ಇಳೀತಾ ಹೋಗ್ತದೆ. ಊದಿದ ಹಾಗೆ. ಅಯೋರ್ಟಿಕ್ ವಾಲ್ವ್ ಲೀಕ್. ಕ್ಲಾಸಿಕ್! ಹತ್ತರಲ್ಲಿ ಒಂಬತ್ತು ಹುಡುಗರು ಇದನ್ನು ಬಿಟ್ಟೇ ಬಿಡ್ತಾರೆ.” ಕಣ್ಣು ತೆರೆಯದೆಯೇ ನಕ್ಕರು. “ಭಾರೀ ಚೆನ್ನಾಗಿ ಹಿಡಿದಿದ್ದೀ ಮಾರಾಯ. ಇದು ನನ್ನ ಟೇಪಿನಲ್ಲಿ ಇರ್ಲಿಲ್ಲ. ಯಾವ ಪೇಷೆಂಟ್? ಎಕೋ ಸ್ಕ್ಯಾನ್ ಮಾಡ್ಸಿದ್ದಾರಾ ಇವನಿಗೆ?”

ನಾನು ಲೆಕ್ಚರರನ್ನು ನೋಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ನಿಲ್ಲಿಸಬೇಕಾದ ಜಾಗ ಪರದೆಯ ಮೇಲೆ ಹತ್ತಿರ ಬರುತ್ತಿತ್ತು. ನನ್ನ ಬೆರಳು ಸ್ಪೇಸ್ ಬಾರಿನ ಮೇಲೆ ಇತ್ತು. ಒತ್ತಿದರೆ ನಾನು ಹೇಳಬೇಕು, ಇಲ್ಲ ಅವರು ಹೇಳಬೇಕು. ಇಬ್ಬರಿಂದಲೂ ಅದು ಆಗುವುದಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಗೆರೆ ಆ ಜಾಗವನ್ನು ದಾಟಿತು.

ಸ್ಪೀಕರಿನಿಂದ, ಎದೆಗೂಡಿನ ಒಳಗಿನಿಂದ ಬಂದ ಹಾಗೆ, ಮಂದವಾಗಿ, ದೊಡ್ಡದಾಗಿ, ಪ್ರೊಫೆಸರರ ಧ್ವನಿ ಬಂತು: “ಸಾಕಾ ಮಾರಾಯ? ಉಸಿರು ತೆಗೀಲಾ?”

ಗಾಜಿನಲ್ಲಿ ಅವರ ಕಣ್ಣು ತೆರೆದದ್ದನ್ನು ಕಂಡೆ. ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದರು. ಅವರ ಬಲಗೈ ಮೇಲಕ್ಕೆ ಬಂತು. ಎದೆಯನ್ನು ಮುಟ್ಟಿಕೊಳ್ಳುತ್ತಾರೆ ಎಂದುಕೊಂಡೆ. ಮುಟ್ಟಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇನ್ನೊಮ್ಮೆ ಹಾಕು” ಎಂದರು.

ಹಾಕಿದೆ. ಪೂರ್ತಿ ಕೇಳಿದರು, ತಮ್ಮ ಮಾತಿನ ತನಕ.

“ಇದಕ್ಕೆ ಏನು ಹಾಕಿದ್ದೀ?”

“ಏನೂ ಇಲ್ಲ ಸರ್.”

“ಆ ಎಂತದೋ ಎನ್‌ಹ್ಯಾನ್ಸರು?”

“ಇಲ್ಲ ಸರ್. ಬಂದು ನೋಡಿ. ಟ್ರ್ಯಾಕ್ ಖಾಲಿ ಇದೆ.”

ಅವರು ಎದ್ದು ಬಂದು ನೋಡಿದರು. ಪ್ಲಗ್-ಇನ್ ಕೂರಿಸುವ ಚೌಕಗಳೆಲ್ಲ ಖಾಲಿ. ಒಂದೊಂದರ ಮೇಲೂ ಬೆರಳಿಟ್ಟು ನೋಡಿದರು. ಆಮೇಲೆ ತಮ್ಮ ಚೀಲದಿಂದ ಸ್ಟೆತಾಸ್ಕೋಪ್ ತೆಗೆದು, ಕಿವಿಗೆ ಹಾಕಿಕೊಂಡು, ಅಂಗಿಯೊಳಗೆ ಬಿಲ್ಲೆ ತೂರಿಸಿ, ಮುಂದಕ್ಕೆ ಬಾಗಿದರು. ಬಹಳ ಹೊತ್ತು ಹಾಗೇ ಇದ್ದು, ಕಿವಿಯಿಂದ ಅದನ್ನು ತೆಗೆದು ಲೆಕ್ಚರರ ಕಡೆ ಚಾಚಿದರು.

“ನನಗೆ ಆಗ್ತಾ ಇಲ್ಲ. ನೀನು ನೋಡಮ್ಮ.”

ಆಕೆಯನ್ನು ಅವರು ‘ಡಾಕ್ಟರ್’ ಎನ್ನುತ್ತಿದ್ದರು, ಇಲ್ಲವೇ ತಮಾಷೆಗೆ ‘ಹುಬ್ಬಳ್ಳಿ’. ‘ಅಮ್ಮ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ಮಂಡಿಯೂರಿ ಕೂತು ಕೇಳಿದರು. ತಲೆಯೆತ್ತಿ ಹೂಂ ಎಂಬಂತೆ ಒಮ್ಮೆ ಆಡಿಸಿದರು, ಅಷ್ಟೇ.

“ನಾಳೆ ಫೈನಲ್ ಉಂಟು” ಎಂದರು ಪ್ರೊಫೆಸರ್, ಯಾರಿಗೆಂದಿಲ್ಲದೆ.

“ಇಲ್ರಿ ಸರ್” ಎಂದರು ಲೆಕ್ಚರರ್. “ನಿಮಗಿಲ್ರಿ.”

ಅವರ ಕಾರನ್ನು ನಾನು ಓಡಿಸಿದೆ. ಕ್ವಾಲಾಲಂಪುರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಪ್ರೊಫೆಸರ್ ಮುಂದಿನ ಸೀಟಿನಲ್ಲಿ ಕೂತಿದ್ದರು. ಒಂದು ಸಿಗ್ನಲ್ಲಿನಲ್ಲಿ ನನ್ನ ಕಡೆ ತಿರುಗಿ ಕೇಳಿದರು: “ಆ ಹಿಸ್ ತೆಗೀಲಿಕ್ಕೆ ನಾನೇ ಹೇಳಿದ್ದು, ಅಲ್ವಾ? ಸುಣ್ಣದ ಚುಕ್ಕಿ, ಕಪ್ಪು ಹಲಗೆ.”

“ತೆಗೆದಿದ್ದೆ ಸರ್.”

“ಮತ್ತೆ?”

“ತೆಗೆದಿದ್ದನ್ನ ಕೇಳ್ದೆ.”

ಆಸ್ಪತ್ರೆಯೊಳಗಿನದನ್ನು ನಾನು ನೋಡಲಿಲ್ಲ. ಲೆಕ್ಚರರಿಂದ ಕೇಳಿದ್ದನ್ನು ಬರೆಯುತ್ತೇನೆ. ಕವಾಟ ಸೋರುತ್ತಿತ್ತು. ಅದರ ಮೇಲಿನ ನಾಳ, ಆಕೆ ಹೆದರಿದ್ದಂತೆಯೇ, ಬುಡದಲ್ಲಿ ಹಿಗ್ಗಿತ್ತು. ಪರೀಕ್ಷೆ ಮಾಡಿದ ಡಾಕ್ಟರು ಅವರನ್ನು ಮನೆಗೆ ಕಳಿಸಲಿಲ್ಲ. ಕೆಲವೇ ದಿನಗಳಲ್ಲಿ ಎದೆ ತೆರೆದು ನಾಳದ ಆ ತುಂಡನ್ನೂ ಕವಾಟವನ್ನೂ ತೆಗೆದು, ಲೋಹದ ಕವಾಟ ಕೂರಿಸಿದರು. ಫೈನಲ್ ಅವರಿಲ್ಲದೆ ನಡೆಯಿತು. ರ‍್ಯಾಕೆಟ್ಟಿನ ಚೀಲ ನಮ್ಮ ಸ್ಟುಡಿಯೊದಲ್ಲೇ ಉಳಿದಿತ್ತು.

ಸಿ.ಡಿ.ಯನ್ನು ಅವರು ಆಸ್ಪತ್ರೆಯ ಮಂಚದಿಂದಲೇ ಮುಗಿಸಿದರು. ನಾಯ್ಸ್ ರಿಡಕ್ಷನ್ ಯಾವ ಟ್ರ್ಯಾಕಿನ ಮೇಲೂ ಇರಕೂಡದು. ಹಿಸ್ ಇದ್ದರೆ ಇರಲಿ ಎಂದು ಹೇಳಿಕಳಿಸಿದರು. ‘ನಾರ್ಮಲ್’ ಜಾಗಕ್ಕೆ ಮಾಲೀಕರ ಹೃದಯ ಹೋಯಿತು. ಮಂತ್ರಿಗಳು ಬಿಡುಗಡೆಯ ದಿನ ಗುಂಡಿ ಒತ್ತಿದಾಗ ಸಭಾಂಗಣದಲ್ಲೆಲ್ಲ ಮೊಳಗಿದ್ದು ಅದೇ. “ಹೊಟ್ಟೆ ಸದ್ದು ಬರಲಿಲ್ಲ ಲಾ” ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. ಕ್ವಿಜ್ಜಿನ ಕೊನೆಯದು ಹಾಗೇ ಉಳಿಯಿತು, ಹೆಸರಿಲ್ಲದೆ. ಮಾತನ್ನು ಮಾತ್ರ ಕತ್ತರಿಸಿದೆ.

ಮರುವರ್ಷ ಸಿ.ಡಿ.ಯ ಎರಡನೆಯ ಭಾಗಕ್ಕೆ ಮುನ್ನುಡಿ ಓದಲು ಪ್ರೊಫೆಸರ್ ಮತ್ತೆ ಬಂದರು. ಮೆಟ್ಟಿಲಲ್ಲಿ ಎಲ್ಲೂ ನಿಲ್ಲಲಿಲ್ಲ. ಗಾಜಿನ ಕೋಣೆಯಲ್ಲಿ ಕೂತು ಓದಲು ಶುರು ಮಾಡಿದಾಗ ಹೆಡ್‌ಫೋನಿನಲ್ಲಿ, ಮಾತಿನ ನಡುವಿನ ಬಿಡುವುಗಳಲ್ಲಿ, ಟಿಕ್, ಟಿಕ್ ಎಂದು ಕೇಳುತ್ತಿತ್ತು. ಅವರ ಕೈಗಡಿಯಾರ ತೆಗೆಸಿದೆ. ನಿಲ್ಲಲಿಲ್ಲ. ಅವರು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ, ಎದೆಯ ಕಡೆ ಬೆರಳು ತೋರಿಸಿದರು. ಓದುವ ಧ್ವನಿಯ ಹಿಂದೆ ಗಡಿಯಾರ ಇರುವಂತಿಲ್ಲ. ಮಾತಿಲ್ಲದ ಕಡೆ ಸದ್ದನ್ನು ಮುಚ್ಚುವ ಗೇಟ್ ಎಂಬ ಪ್ಲಗ್-ಇನ್ ಹಾಕಿ ತೆಗೆದೆ. ತೆಗೆದದ್ದನ್ನು ಬೇರೆಯಾಗಿ ನುಡಿಸಿ ಕೇಳಿದೆ. ಕವಾಟ ಒಂದೇ ಸಮ, ಚೊಕ್ಕಟವಾಗಿ ಮುಚ್ಚುತ್ತಿತ್ತು. ನಡುವೆ ಏನೂ ಇರಲಿಲ್ಲ.

ಆ ಶನಿವಾರ ಆ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಇದ್ದವರು ಮೂವರು. ಸ್ಟುಡಿಯೊದ ಮಾಲೀಕರು, ಸ್ಟುಡಿಯೊ ಮುಚ್ಚಿ ಈಗ ಇಪೊದಲ್ಲಿ ಮಗಳ ಜೊತೆ ಇದ್ದಾರೆ. ಲೆಕ್ಚರರ್; ಹುಬ್ಬಳ್ಳಿಗೆ ಮರಳಿದ್ದಾರೆ, ಈಗ ಅವರೇ ವಿಭಾಗದ ಮುಖ್ಯಸ್ಥರು, ವರ್ಷಕ್ಕೊಮ್ಮೆ ತಮ್ಮ ಕಿರಿಯರ ಕೈಯಲ್ಲಿ ತಮ್ಮ ಎದೆಗೆ ಸ್ಟೆತಾಸ್ಕೋಪ್ ಇಡಿಸಿಕೊಳ್ಳುತ್ತಾರೆ. ಮೂರನೆಯವರು ಪ್ರೊಫೆಸರ್. ಮಣಿಪಾಲದ ಹತ್ತಿರ ಇದ್ದಾರೆ. ಆ ಟಿಕ್ ಫೋನಿನಲ್ಲಿ ಕೇಳಿಸುವುದಿಲ್ಲ. ಎದುರಿಗೆ ಕೂತು, ಫ್ಯಾನ್ ಆರಿಸಿ, ಇಬ್ಬರೂ ಮಾತು ನಿಲ್ಲಿಸಿದರೆ ಕೇಳಿಸುತ್ತದೆ.